ಪಹಣಿ, ಇಂಬಳ, ಒಂದು ತುಂಡು ಕಾನು

ಮೊನ್ನೆ ಸಾಗರದ ಕಡೆ, ಕಾನು (ಮಲೆನಾಡಿನ ದಟ್ಟ ಹಸಿರು ಕಾಡು) ಉಳಿಸುವ ಸಣ್ಣ ಸಂಸ್ಥೆಯೊಂದರ ಜನರ ಜೊತೆ ಸುಮ್ನೆ ಒಂದು ದಿನ ತಿರುಗಿದೆ. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ಕೆಲಸ ಅಂದುಕೊಂಡಿದ್ದೆ. ಅರ್ಧ ದಿನ ತಾಲ್ಲೂಕು ಕಚೇರಿಯಲ್ಲೇ ಹೋಯಿತು! ಪಹಣಿ, ಸರ್ವೆ ನಂಬರು, ಹಳೇ ನಕಾಶೆ. ದಾಖಲೆಯಲ್ಲಿ ಅದು ಕಂದಾಯ ಭೂಮಿಯೋ ಅರಣ್ಯವೋ ಅನ್ನುವುದರ ಮೇಲೇ ಕಾನಿನ ಹಣೆಬರಹ ನಿಂತಿರುತ್ತದೆ.

ಮಧ್ಯಾಹ್ನ ಕಾನಿಗೆ ಹೋದೆವು. ಇಂಬಳಗಳಿಗೆ, ಅಂದರೆ ಕಾಡಿನ ಜಿಗಣೆಗಳಿಗೆ, ನನ್ನ ಕಾಲೇ ಬೇಕಿತ್ತು. ತಂಡದ ಅಕ್ಕ ಸುಣ್ಣ ಸವರಿ ನಕ್ಕರು. ಉಪ್ಪಾಗೆ, ರಾಮಪತ್ರೆ, ವಾಟೆ, ದಾಲ್ಚಿನ್ನಿ ಅಂತ ಎಲೆ ನೋಡಿಯೇ ಹೆಸರು ಹೇಳುತ್ತಾರೆ. ಪಕ್ಕದಲ್ಲೇ ಅಕೇಶಿಯಾ ತೋಪು. "ಇದೂ ಹಸಿರೇ ಅಲ್ವಾ ಅಕ್ಕಾ?" ಅಂದೆ. ಉತ್ತರ ಕೊಡಲಿಲ್ಲ. ಕಾಲಲ್ಲಿ ತರಗೆಲೆ ಸರಿಸಿ ತೋರಿಸಿದರು. ಅಡಿಯಲ್ಲೂ ಅದೇ ಎಲೆ, ಬೇರೆ ಏನೂ ಇಲ್ಲ.

2011ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣ ಆಯಿತು ಅಂತ ಎಲ್ಲೋ ಓದಿ ಮರೆತಿದ್ದೆ. ಆ ಒಂದು ಸಾಲಿಗೆ ಎಷ್ಟು ಜನ ಹೀಗೆ ಫೈಲು ಹಿಡಿದು ಅಲೆದಿದ್ದರೋ!

ಸಂಬಳ ಎಷ್ಟು ಅಂತ ಕೇಳಲು ಬಾಯಿ ಬರಲಿಲ್ಲ. ಸಂಜೆ ಮಂಡಕ್ಕಿ, ಚಹಾದ ದುಡ್ಡನ್ನೂ ಅವರೇ ಕೊಟ್ಟರು.