ಅಮ್ಮಂದಿರ ಬೆನ್ನು ಹತ್ತಿ: ನನ್ನ ಕೊರಿಯನ್ ಧಾರಾವಾಹಿ ಪುಸ್ತಕ ಎಲ್ಲಿಗೆ ಬಂತು

ಈ ವರ್ಷ ಕೊರಿಯನ್ ಧಾರಾವಾಹಿ ನೋಡುವ ಕ್ರಮವನ್ನೇ ಬದಲಿಸಿದ್ದೇನೆ. ನಾಯಕ ಯಾರು, ನಾಯಕಿ ಯಾರು ಎಂದು ನೋಡಿ ಆರಿಸುವುದನ್ನು ಬಿಟ್ಟಿದ್ದೇನೆ. ಅಮ್ಮ, ಅಜ್ಜಿ, ಅತ್ತೆ, ಪಕ್ಕದ ಮನೆಯಾಕೆ ಇಂಥ ಪಾತ್ರಗಳನ್ನು ಮಾಡುವ ಒಬ್ಬ ನಟಿಯನ್ನು ಆರಿಸಿಕೊಳ್ಳುವುದು, ಆಕೆ ಹೋದ ಧಾರಾವಾಹಿಗೆಲ್ಲ ಹಿಂದೆ ಹೋಗುವುದು. ಒಬ್ಬೊಬ್ಬರಿಗೂ ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ಎರಡು ಪುಟ. ಎಡಕ್ಕೆ ಧಾರಾವಾಹಿ, ವರ್ಷ, ಪಾತ್ರ. ಬಲಕ್ಕೆ ಆ ಪಾತ್ರಕ್ಕಾಗಿ ಆಕೆ ಏನೇನು ಮಾಡಿದರು ಎಂಬ ಟಿಪ್ಪಣಿ: ನಡಿಗೆ, ಕೈ, ದನಿ, ಉಣ್ಣುವ ರೀತಿ. ಇಬ್ಬರು ನಟಿಯರು ಒಂದೇ ಧಾರಾವಾಹಿಯಲ್ಲಿ ಸಿಕ್ಕರೆ ಇಬ್ಬರ ಪುಟದಲ್ಲೂ ಕೆಂಪು ಶಾಯಿಯ ಗುರುತು.

ಇದಕ್ಕೆ ಕಾರಣ ನನ್ನ ಗಟ್ಟಿ ನಂಬಿಕೆ. ಕೊರಿಯನ್ ಧಾರಾವಾಹಿಗಳ ಶಕ್ತಿ ಇರುವುದು ಪೋಸ್ಟರಿನಲ್ಲಿ ಕೊಡೆ ಹಿಡಿದು ನಿಂತ ಜೋಡಿಯಲ್ಲಿ ಎಂದು ಜಗತ್ತು ತಿಳಿದಿದೆ. 2002ರ 'ವಿಂಟರ್ ಸೊನಾಟಾ' ಜಪಾನಿಗೆ ಹೋಗಿ ಬೇ ಯಾಂಗ್‌ಜೂನ್ ಅವರನ್ನು ಮನೆಮಾತಾಗಿಸಿದ ದಿನಗಳಿಂದ ಆ ಮಾತು ನಡೆದು ಬಂದಿದೆ. ಆದರೆ ಹದಿನಾರು ಕಂತುಗಳ ಒಂದು ಕಥೆ ನಮ್ಮನ್ನು ರಾತ್ರಿ ಒಂದು ಗಂಟೆಯವರೆಗೆ ಕೂರಿಸುವುದು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತ ಆ ಹೆಂಗಸಿನಿಂದ. ಇದನ್ನು ನನಗೆ ನಾನೇ ಸಾಬೀತು ಮಾಡಿಕೊಳ್ಳಬೇಕಿತ್ತು.

ಜನವರಿ, ಫೆಬ್ರವರಿ

ಮೊದಲ ಪುಟ ಕಿಮ್ ಹೇಜಾ ಅವರದು, ಎರಡನೆಯದು ಗೋ ದೂಶಿಮ್ ಅವರದು. ಈ ಇಬ್ಬರನ್ನು ಬೇರೆ ಬೇರೆ ನೋಡಲು ಸಾಧ್ಯವೇ ಇಲ್ಲ ಎಂದು ಕೆಲಸ ಆರಂಭಿಸಿದ ಕೂಡಲೇ ಗೊತ್ತಾಯಿತು. ಎಂಬಿಸಿ ವಾಹಿನಿಯಲ್ಲಿ 1980ರಿಂದ 2002ರವರೆಗೆ 'ಜನ್ವೊನ್ ಇಲ್ಗಿ' ಎಂಬ ಹಳ್ಳಿಯ ಕಥೆ ನಡೆಯಿತು. ಒಂದು ರೈತ ಕುಟುಂಬ, ಅದರ ಅಕ್ಕಪಕ್ಕದ ಮನೆಗಳು, ಹೊಲ, ಹಬ್ಬ, ಸಾವು, ಸಾಲ. ಅದರಲ್ಲಿ ಕಿಮ್ ಹೇಜಾ ಮನೆಯ ಯಜಮಾನಿ, ಗೋ ದೂಶಿಮ್ ಹಿರಿಯ ಸೊಸೆ. ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಅತ್ತೆ ಸೊಸೆಯಾಗಿ ನಿಂತವರು! ನಾನು ಅದನ್ನು ತುಣುಕುಗಳಲ್ಲಷ್ಟೇ ನೋಡಿದ್ದೇನೆ. ಆದರೆ ಕೊರಿಯಾದ ಹಿರಿಯ ಪ್ರೇಕ್ಷಕರಿಗೆ ಈ ಇಬ್ಬರು ಒಂದೇ ಚೌಕಟ್ಟಿನಲ್ಲಿ ಕಂಡರೆ ಸಾಕು, ಒಂದು ಇಡೀ ಮನೆ ನೆನಪಾಗಬೇಕು.

ಲೇಖಕಿ ನೋ ಹೀಕ್ಯಂಗ್ ಇದನ್ನು ಚೆನ್ನಾಗಿ ಬಲ್ಲವರು. ಅವರ 2016ರ 'ಡಿಯರ್ ಮೈ ಫ್ರೆಂಡ್ಸ್' ಧಾರಾವಾಹಿಯಲ್ಲಿ ಕಿಮ್ ಹೇಜಾ, ಗೋ ದೂಶಿಮ್, ನಾ ಮೂನ್ಹೀ, ಯೂನ್ ಯೊಜಂಗ್, ಪಾರ್ಕ್ ವೊನ್ಸೂಕ್, ಕಿಮ್ ಯಂಗೋಕ್ ಎಲ್ಲರೂ ಇದ್ದಾರೆ. ಕಥೆಯ ಕೇಂದ್ರದಲ್ಲಿರುವವರು ವಯಸ್ಸಾದ ಗೆಳತಿಯರು. ಮರೆವಿನ ಕಾಯಿಲೆ, ದಶಕಗಳ ದಾಂಪತ್ಯದಿಂದ ಹೊರಗೆ ನಡೆಯುವ ಧೈರ್ಯ, ಮಗಳ ಬದುಕಿನ ಮೇಲೆ ಹಿಡಿತ ಬಿಡಲಾರದ ತಾಯಿ. ಕೊರಿಯಾದ ಸಿನಿಮಾ, ಟಿವಿ ಕೆಲಸಕ್ಕೆ ಪ್ರತಿವರ್ಷ ಕೊಡುವ ಬೆಕ್‌ಸಾಂಗ್ ಪ್ರಶಸ್ತಿಗಳಲ್ಲಿ ಮುಂದಿನ ವರ್ಷ ಅದು ಅತ್ಯುತ್ತಮ ಧಾರಾವಾಹಿ ಎನಿಸಿಕೊಂಡಿತು. ಗೋ ದೂಶಿಮ್ ಅಲ್ಲಿ ಹೋಟೆಲ್ ನಡೆಸುವ ತಾಯಿ, ಗೋ ಹ್ಯೂನ್‌ಜಂಗ್ ಆಕೆಯ ಬರಹಗಾರ್ತಿ ಮಗಳು. ತಾಯಿ ಮಗಳು ಜಗಳವಾಡುವ ಕಂತುಗಳನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಗೋ ದೂಶಿಮ್ ಸಿಟ್ಟು ಬಂದಾಗ ದನಿ ಏರಿಸುವ ಮೊದಲು ಕೈಯಲ್ಲಿರುವ ಕೆಲಸವನ್ನು ಜೋರು ಮಾಡುತ್ತಾರೆ. ಬಲಗಡೆಯ ಪುಟಕ್ಕೆ ಮೊದಲು ಬಿದ್ದ ಟಿಪ್ಪಣಿ ಇದು.

ಅಲ್ಲಿಂದ ನೇರ 2022ರ 'ಅವರ್ ಬ್ಲೂಸ್'. ಅದೇ ಲೇಖಕಿ, ಈ ಸಲ ಜೇಜು ದ್ವೀಪ. ಗೋ ದೂಶಿಮ್ ಹುಟ್ಟಿದ್ದೇ ಜೇಜುವಿನಲ್ಲಿ. ಉಸಿರು ಬಿಗಿಹಿಡಿದು ಸಮುದ್ರಕ್ಕಿಳಿದು ಚಿಪ್ಪುಜೀವಿಗಳನ್ನು ತರುವ ಹೆನ್ಯೊ ಹೆಂಗಸರ ಪೈಕಿ ಒಬ್ಬ ಹಿರಿಯಳಾಗಿ ಆಕೆ ಕಾಣಿಸಿಕೊಂಡಾಗ, ಆ ದ್ವೀಪದ ಮಾತು ಆಕೆಯ ಬಾಯಲ್ಲಿ ಊರಿನ ಮಾತಾಗಿಯೇ ಕೇಳುತ್ತದೆ. ಕಿಮ್ ಹೇಜಾ ಇಲ್ಲಿ ಓಕ್‌ಡಾಂಗ್ ಎಂಬ ಮುದುಕಿ, ಲೀ ಬ್ಯುಂಗ್‌ಹನ್ ಆಕೆಯ ಮಗ. ಅಮ್ಮ ಎಂದು ಕರೆಯದ ಮಗ, ಅದಕ್ಕೆ ಕಾರಣ ಆಕೆಯೇ. ಮಗ ಕೂಗಾಡುತ್ತಾನೆ, ಆಕೆ ಬೇರೆಡೆ ನೋಡುತ್ತಾರೆ. ಕೊನೆಯ ಕಂತುಗಳಲ್ಲಿ ಕಿಮ್ ಹೇಜಾ ಅವರಿಗೆ ಸಂಭಾಷಣೆ ಎಷ್ಟು ಕಡಿಮೆ ಎಂದರೆ ಸಬ್‌ಟೈಟಲ್ ಓದುವ ಕೆಲಸವೇ ಇಲ್ಲ, ಕಣ್ಣು ಪೂರ್ತಿ ಆ ಮುಖದ ಮೇಲೆ. ಲೀ ಬ್ಯುಂಗ್‌ಹನ್ ದೊಡ್ಡ ತಾರೆ, ನಿಜ. ಅವರು ಎಷ್ಟು ದೊಡ್ಡ ನಟ ಎಂದು ನನಗೆ ತಿಳಿದದ್ದು ಈ ಮುದುಕಿಯ ಎದುರು ನಿಂತಾಗ.

1941ರಲ್ಲಿ ಹುಟ್ಟಿದ ಕಿಮ್ ಹೇಜಾ ಅವರಿಗೆ 2019ರಲ್ಲಿ 'ದ ಲೈಟ್ ಇನ್ ಯುವರ್ ಐಸ್' ಧಾರಾವಾಹಿಗಾಗಿ ಬೆಕ್‌ಸಾಂಗ್‌ನ ಅತಿ ದೊಡ್ಡ ಪ್ರಶಸ್ತಿ ಬಂತು. ವೇದಿಕೆಯ ಮೇಲೆ ಅವರು ಆ ಧಾರಾವಾಹಿಯ ಕೊನೆಯ ಸ್ವಗತವನ್ನು ಓದಿದರು. ಹನ್ನೆರಡೇ ಕಂತು. ಇಪ್ಪತ್ತರ ಹರೆಯದವಳು ಒಮ್ಮೆಗೇ ಮುದುಕಿಯಾಗುವ ಕಥೆ ಎಂದಷ್ಟೇ ಹೇಳುತ್ತೇನೆ. ಅದರ ತಿರುವನ್ನು ಯಾರಾದರೂ ಮೊದಲೇ ಹೇಳಿಬಿಟ್ಟರೆ ಅದು ಅನ್ಯಾಯ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಮಾರ್ಚ್

ಒಂದು ಪುಟ ಬೇಗ ತುಂಬಿತು. 'ದೇ ಜಾಂಗ್ ಗುಮ್' (2003–04, 54 ಕಂತು) ಮತ್ತೆ ನೋಡುತ್ತಿದ್ದಾಗ, ಜೇಜುವಿನಲ್ಲಿ ಜಾಂಗ್ ಗುಮ್‌ಗೆ ವೈದ್ಯ ಕಲಿಸುವ ಜಾಂಗ್‌ಡಕ್ ಎಂಬ ಗಡಸು ಹೆಂಗಸಿನ ಮುಖ ಎಲ್ಲೋ ನೋಡಿದ್ದು ಎನಿಸಿತು. ಕಿಮ್ ಯೊಜಿನ್! 2021ರ 'ವಿನ್ಚೆಂಜೊ'ದಲ್ಲಿ ಕುಣಿಯುತ್ತ, ಬಟ್ಟೆ ಒಗೆಯುತ್ತ ಕೊಲೆಗೆ ಆದೇಶ ಕೊಡುವ ವಕೀಲೆ. ಮೊದಲಿನಾಕೆಯ ನೇರ ನೋಟವೇ ಎರಡನೆಯಾಕೆಯಲ್ಲಿ ಭಯ ಹುಟ್ಟಿಸುವ ಸಾಧನವಾಗಿದೆ. ಖಳನಾಯಕಿ ಎಂದರೆ ತುಟಿ ಓರೆ ಮಾಡಿ ನಗುವುದು ಎಂದು ತಿಳಿದ ಎಲ್ಲ ನಿರ್ದೇಶಕರಿಗೂ ಈ ಎರಡನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು.

ಏಪ್ರಿಲ್‌ನಿಂದ ಜೂನ್

ಈ ಮೂರು ತಿಂಗಳು ಪೂರ್ತಿ ಯೊಮ್ ಹೇರಾನ್ ಅವರದು. ಪುಟ ಸಾಲದೆ ಬೇರೆ ಹಾಳೆ ಅಂಟಿಸಿದ್ದೇನೆ.

ಇವರು ರಂಗಭೂಮಿಯಿಂದ ಬಂದವರು. 'ಗಾಬ್ಲಿನ್' (2016–17) ನೋಡಿದವರಿಗೆ ನಾಯಕಿಯನ್ನು ಪೀಡಿಸುವ ಚಿಕ್ಕಮ್ಮನಾಗಿ ನೆನಪಿರಬಹುದು. ಜೋರು ದನಿ, ಕೆಟ್ಟ ಮನಸ್ಸು, ಅಷ್ಟೇ. ಆ ಪಾತ್ರ ನೋಡಿ ಇವರನ್ನು ಪಕ್ಕಕ್ಕೆ ಇಡುವುದು ಸುಲಭವಿತ್ತು. ಮೂರು ವರ್ಷಗಳಲ್ಲೇ 'ವೆನ್ ದ ಕ್ಯಾಮೀಲಿಯಾ ಬ್ಲೂಮ್ಸ್' ಬಂತು. ಓಂಗ್‌ಸಾನ್ ಎಂಬ ಕಾಲ್ಪನಿಕ ಊರು, ಸೋಯಾ ರಸದಲ್ಲಿ ನೆನೆಸಿದ ಏಡಿ ಮಾರುವ ಹೆಂಗಸರ ಬೀದಿ. ಯೊಮ್ ಹೇರಾನ್ ಅಲ್ಲಿ ಹಾಂಗ್ ಜಾಯಂಗ್ ಎಂಬ ವಕೀಲೆ. ಊರಿನ ಅತಿ ಜಾಣೆ, ಮದುವೆಯಾದದ್ದು ಊರಿನ ಅತಿ ಪೆದ್ದನನ್ನು. ಗಂಡನ ಪಾತ್ರದಲ್ಲಿ ಓ ಜಂಗ್‌ಸೆ. ಇಬ್ಬರೂ ಊಟದ ಮೇಜಿನ ಎರಡು ತುದಿಯಲ್ಲಿ ಕೂತರೆ ಸಾಕು, ನಾನು ನಾಯಕ ನಾಯಕಿಯನ್ನು ಮರೆಯುತ್ತಿದ್ದೆ. ಆಕೆ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರೆ ಗಂಡ ಕುರ್ಚಿಯಲ್ಲೇ ಕುಗ್ಗುತ್ತಾನೆ. ಪ್ರೀತಿ ಬತ್ತಿದ ಹೆಂಡತಿಯ ಪಾತ್ರಕ್ಕೆ ಇಷ್ಟು ಘನತೆ ಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದಾದ ಮೇಲೆ 'ದ ಗ್ಲೋರಿ' (2022–23). ಗಂಡನ ಹೊಡೆತ ತಿನ್ನುವ ಕಾಂಗ್ ಹ್ಯೊನ್‌ನಾಮ್. ಸೇಡಿಗಾಗಿ ಬದುಕುತ್ತಿರುವ ಸಾಂಗ್ ಹೇಕ್ಯೋ ಪಾತ್ರದ ಬಳಿ ಕೆಲಸಕ್ಕೆ ಸೇರಿ, ಫೋಟೊ ತೆಗೆಯುವುದು, ಕಾರು ಓಡಿಸುವುದು ಎಲ್ಲ ಕಲಿಯುತ್ತಾಳೆ. ಇಡೀ ಧಾರಾವಾಹಿಯಲ್ಲಿ ಮನಸ್ಸು ಬಿಚ್ಚಿ ನಗುವವಳು ಇವಳೊಬ್ಬಳೇ. ಏಟು ತಿಂದರೂ ತಾನು ಲವಲವಿಕೆಯ ಹೆಂಗಸು ಎಂದು ಆಕೆ ಹೇಳುವ ಗಳಿಗೆಯಲ್ಲಿ ಸಾಂಗ್ ಹೇಕ್ಯೋ ಮುಖ ಸಡಿಲವಾಗುವುದನ್ನು ನೋಡಿ. ಆ ಕಲ್ಲಿನಂಥ ಮುಖಕ್ಕೆ ಇಷ್ಟು ಹೊತ್ತಿಗೆ ಯಾರಾದರೂ ಹೀಗೆ ಮಾತಾಡಿಸಬೇಕಿತ್ತು. ಆ ಧಾರಾವಾಹಿಗೆ, ಸಾಂಗ್ ಹೇಕ್ಯೋಗೆ, ಖಳನಾಯಕಿ ಲಿಮ್ ಜಿಯೊನ್‌ಗೆ ಬೆಕ್‌ಸಾಂಗ್ ಬಂತು. ನನ್ನ ಪುಸ್ತಕದಲ್ಲಿ ಮೊದಲ ಸ್ಥಾನ ಹ್ಯೊನ್‌ನಾಮ್‌ಗೆ.

ಕೊನೆಗೆ 2025ರ ಮಾರ್ಚಿನಲ್ಲಿ ವಾರಕ್ಕೆ ನಾಲ್ಕರಂತೆ ಹದಿನಾರು ಕಂತುಗಳಲ್ಲಿ ಬಂದ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್'. ಬರೆದವರು 'ಕ್ಯಾಮೀಲಿಯಾ'ದ ಲಿಮ್ ಸಾಂಗ್‌ಚೂನ್, ನಿರ್ದೇಶಕ ಕಿಮ್ ವೊನ್ಸೊಕ್. ಮತ್ತೆ ಜೇಜು, ಮತ್ತೆ ಹೆನ್ಯೊ ಹೆಂಗಸರು. ಯೊಮ್ ಹೇರಾನ್ ನಾಯಕಿ ಎಸನ್‌ಳ ತಾಯಿ ಗ್ವಾಂಗ್ರೇ. ಮಗಳು ಇನ್ನೂ ಚಿಕ್ಕವಳಿರುವಾಗಲೇ ತೀರಿಕೊಳ್ಳುವ ತಾಯಿ. ಸಮುದ್ರ ತನ್ನ ಅಮ್ಮನನ್ನು ದಿನವಿಡೀ ಇಟ್ಟುಕೊಳ್ಳುತ್ತದೆ ಎಂಬ ಹೊಟ್ಟೆಕಿಚ್ಚಿನಲ್ಲಿ ಮಗಳು ಬರೆದ ಪದ್ಯವನ್ನು ಆಕೆ ಓದುವ ದೃಶ್ಯವಿದೆ. ಅಳುವುದಕ್ಕೆ ನಟಿಯರಿಗೆ ನೂರು ದಾರಿ ಇವೆ. ಇವರು ಅಳುವನ್ನು ಸಿಡುಕಿನ ಕೆಳಗೆ ಅಡಗಿಸುತ್ತಾರೆ. ಆ ತಾಯಿ ಹೋದ ಮೇಲೂ ಉಳಿದ ಕಂತುಗಳಲ್ಲೆಲ್ಲ ಇದ್ದಾರೆ. ಎಸನ್ ತನ್ನ ಮಗಳನ್ನು ಬೆಳೆಸುವಾಗ ಆಡುವ ಮಾತುಗಳಲ್ಲಿ ಗ್ವಾಂಗ್ರೇಯ ಹಟ ಕೇಳುತ್ತದೆ. ಈ ಪಾತ್ರಕ್ಕೆ ಅವರಿಗೆ ಅದೇ ವರ್ಷ ಬೆಕ್‌ಸಾಂಗ್ ಪೋಷಕ ನಟಿ ಪ್ರಶಸ್ತಿ ಬಂದಾಗ ನಾನು ಮನೆಯವರೆಲ್ಲರಿಗೂ ಹೇಳಿ ಸಂಭ್ರಮಿಸಿದೆ.

ಜುಲೈ

ತಾರೆಯರ ಬಗ್ಗೆಯೂ ಬರೆಯಬೇಕು, ಇಲ್ಲವಾದರೆ ಪುಸ್ತಕ ಏಕಪಕ್ಷೀಯವಾಗುತ್ತದೆ. ನಾಯಕರನ್ನು ಈಗ ನಾನು ಅಳೆಯುವುದು ಒಂದೇ ಬಗೆಯಲ್ಲಿ: ಹಿರಿಯರ ಎದುರು ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ?

ಈ ಅಳತೆಯಲ್ಲಿ ಗಾಯಕಿಯೂ ಆಗಿರುವ ನಟಿ ಐಯು ಎಲ್ಲರಿಗಿಂತ ಮುಂದೆ. 2018ರ 'ಮೈ ಮಿಸ್ಟರ್' ಅದಕ್ಕೆ ಸಾಕ್ಷಿ. ಕಟ್ಟಡಗಳ ಸುರಕ್ಷತೆ ಪರೀಕ್ಷಿಸುವ ಎಂಜಿನಿಯರ್ ಆಗಿ ಲೀ ಸನ್‌ಕ್ಯೂನ್, ಸಾಲದಲ್ಲಿ ಮುಳುಗಿದ ಹುಡುಗಿಯಾಗಿ ಐಯು. ಲೇಖಕಿ ಪಾರ್ಕ್ ಹೇಯಂಗ್. ಆ ಹುಡುಗಿಗೆ ಮಾತು ಬಾರದ ಅಜ್ಜಿಯೊಬ್ಬಳಿದ್ದಾಳೆ. ಚಂದ್ರನನ್ನು ತೋರಿಸಲು ಅಜ್ಜಿಯನ್ನು ಅಂಗಡಿಯ ಸಾಮಾನು ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗುತ್ತಾಳೆ. ಅಜ್ಜಿಯ ಪಾತ್ರ ಮಾಡಿದವರು ಸೋನ್ ಸೂಕ್, 1999ರಲ್ಲಿ ಕೆಲಕಾಲ ದಕ್ಷಿಣ ಕೊರಿಯಾದ ಪರಿಸರ ಸಚಿವೆಯಾಗಿದ್ದವರು. ನಮ್ಮ ಉಮಾಶ್ರೀ ಮಂತ್ರಿಯಾಗಿದ್ದು ಮತ್ತೆ ಬಣ್ಣ ಹಚ್ಚಿದ್ದು ನೆನಪಾಗಿ ಈ ಪುಟಕ್ಕೆ ನನಗೆ ವಿಶೇಷ ಅಕ್ಕರೆ. ಸೋನ್ ಸೂಕ್ 'ದ ಗ್ಲೋರಿ'ಯಲ್ಲೂ ಇದ್ದಾರೆ, ನಾಯಕಿ ಬಾಡಿಗೆಗೆ ಇರುವ ಮನೆಯ ಒಡತಿಯಾಗಿ. 'ಮೈ ಮಿಸ್ಟರ್'ನಲ್ಲಿ ಮೂರು ಗಂಡುಮಕ್ಕಳ ತಾಯಿ ಯಾರು? ಗೋ ದೂಶಿಮ್! ಆ ಪುಟ ಈಗ ಕೆಂಪು ಶಾಯಿಯಿಂದಲೇ ತುಂಬಿದೆ.

ಲೀ ಸನ್‌ಕ್ಯೂನ್ 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಆಳವಾದ ದನಿ, ಸಣ್ಣಪುಟ್ಟ ಅವಮಾನಗಳನ್ನು ನುಂಗಿ ನಡೆಯುವ ಆ ಬಾಗಿದ ಭುಜ, ಅವನ್ನು ನಾನು ಈ ಸಲ ತುಂಬ ನಿಧಾನವಾಗಿ ನೋಡಿದೆ. ಬರೆದದ್ದು ಕಡಿಮೆ.

ಪಾರ್ಕ್ ಬೊಗಮ್ ಬಗ್ಗೆ ನನ್ನ ಅಭಿಪ್ರಾಯ ಅವರ ಅಭಿಮಾನಿಗಳಿಗೆ ಹಿಡಿಸದಿರಬಹುದು. ಅವರ ನಗು ಚೆಂದ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅವರು ನಗದಿರುವಾಗ ಇಷ್ಟ. 'ರಿಪ್ಲೈ 1988'ರಲ್ಲಿ ಬಾದುಕ್ ಎಂಬ ಕಪ್ಪು ಬಿಳಿ ಕಲ್ಲುಗಳ ಹಲಗೆಯಾಟದ ಆಟಗಾರ ಟೇಕ್, 'ಟ್ಯಾಂಜರೀನ್ಸ್'ನಲ್ಲಿ ಎಸನ್‌ಳ ಗಂಡ ಗ್ವಾನ್‌ಶಿಕ್, ಇಬ್ಬರೂ ಮಾತು ಕಡಿಮೆಯವರು. ಇಬ್ಬರನ್ನೂ ಅವರು ಬೇರೆ ಬೇರೆ ಮೌನದಲ್ಲಿ ಇಟ್ಟಿದ್ದಾರೆ. ಟೇಕ್ ಯೋಚಿಸುತ್ತ ಸುಮ್ಮನಿರುತ್ತಾನೆ, ಗ್ವಾನ್‌ಶಿಕ್ ಕೆಲಸ ಮಾಡುತ್ತ ಸುಮ್ಮನಿರುತ್ತಾನೆ. ನಡುವಯಸ್ಸಿನ ಗ್ವಾನ್‌ಶಿಕ್ ಆದ ಪಾರ್ಕ್ ಹೇಜೂನ್ ಅದನ್ನು ಮುಂದುವರಿಸಿದ ರೀತಿ ಇನ್ನೂ ಸೊಗಸು. ಇದೇ ಮನುಷ್ಯ 2020ರ 'ದ ವರ್ಲ್ಡ್ ಆಫ್ ದ ಮ್ಯಾರೀಡ್'ನಲ್ಲಿ ಹೆಂಡತಿಗೆ ಮೋಸ ಮಾಡಿ ಇಡೀ ದೇಶದ ಬೈಗುಳ ತಿಂದ ಗಂಡ, 'ಮೈ ಮಿಸ್ಟರ್'ನಲ್ಲಿ ಪ್ರೀತಿಸಿದವಳನ್ನು ಬಿಟ್ಟು ಹೋದ ಬೌದ್ಧ ಭಿಕ್ಷು. ಪುಸ್ತಕದಲ್ಲಿ ಪುಟ ಪಡೆದ ಮೊದಲ ಗಂಡಸು ಇವರು.

ಆಗಸ್ಟ್

ಸಿಟ್ಟಿನ ಪುಟ. ಇಷ್ಟು ಒಳ್ಳೆಯ ನಟಿಯರಿದ್ದೂ, ಶ್ರೀಮಂತ ಮನೆತನದ ಅತ್ತೆಗೆ ಮುತ್ತಿನ ಸರ ಹಾಕಿಸಿ, ಕಾಫಿ ಅಂಗಡಿಯಲ್ಲಿ ಕೂರಿಸಿ, ಬಡ ನಾಯಕಿಯ ಮುಂದೆ ಹಣದ ಲಕೋಟೆ ಇಡಿಸಿ, ಮುಖಕ್ಕೆ ನೀರು ಎರಚಿಸುವ ದೃಶ್ಯವನ್ನು ಇನ್ನೂ ಬರೆಯುತ್ತಾರಲ್ಲ! ಆ ಪಾತ್ರಕ್ಕೆ ಒಂದು ಬಾಲ್ಯ, ಒಂದು ಭಯ ಕೊಟ್ಟರೆ ಸಾಕು, ಈ ನಟಿಯರು ಉಳಿದದ್ದನ್ನು ಕಟ್ಟಿಕೊಡುತ್ತಾರೆ.

ಇನ್ನೊಂದು, ವಯಸ್ಸಿನ ವಿಷಯ. 2023ರ 'ಡಾಕ್ಟರ್ ಚಾ'ದಲ್ಲಿ ಉಮ್ ಜಂಗ್‌ಹ್ವಾ ನಾಯಕಿ, ಕಿಮ್ ಮಿಕ್ಯಂಗ್ ಆಕೆಯ ತಾಯಿ. ಒಬ್ಬರು ಹುಟ್ಟಿದ್ದು 1969ರಲ್ಲಿ, ಇನ್ನೊಬ್ಬರು 1963ರಲ್ಲಿ. ಕಿಮ್ ಮಿಕ್ಯಂಗ್ ಅದನ್ನು ಚೆನ್ನಾಗಿಯೇ ನಿಭಾಯಿಸಿದ್ದಾರೆ, 'ಹಾಯ್ ಬೈ ಮಾಮಾ'ದಲ್ಲಿ ಸತ್ತ ಮಗಳನ್ನು ಮತ್ತೆ ಕಾಣುವ ತಾಯಿಯಾಗಿ ನನ್ನನ್ನು ಅಳಿಸಿದ್ದಾರೆ. ಆದರೆ ಇವರೇ 'ಹೀಲರ್'ನಲ್ಲಿ ಮನೆಯೊಳಗೆ ಕೂತು ಹೆಣಿಗೆ ಹಾಕುತ್ತ ಊರಿನ ಕಂಪ್ಯೂಟರುಗಳನ್ನೆಲ್ಲ ಭೇದಿಸುತ್ತಿದ್ದವರು. ಅಂಥ ಪಾತ್ರ ಇವರಿಗೆ ಇನ್ನೂ ಹತ್ತು ಬೇಕಿತ್ತು.

ಈಗ ಕೈಯಲ್ಲಿರುವುದು

'ರಿಪ್ಲೈ 1988'ರ ಸಂಗ್‌ಮನ್‌ಡಾಂಗ್ ಓಣಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತ ಹರಟುವ ಮೂವರು ತಾಯಂದಿರು: ಲೀ ಇಲ್ಹ್ವಾ, ರಾ ಮಿರಾನ್, ಕಿಮ್ ಸನ್‌ಯಂಗ್. ಕಿಮ್ ಸನ್‌ಯಂಗ್ ಪುಟ ಅರ್ಧವಾಗಿದೆ. ಇಲ್ಲಿ ಗಂಡನಿಲ್ಲದೆ ಮಕ್ಕಳನ್ನು ಸಾಕುವ ತಾಯಿ, 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು'ನಲ್ಲಿ ಉತ್ತರ ಕೊರಿಯಾದ ಹಳ್ಳಿಯ ಹೆಂಗಸರ ಮುಂದಾಳು. ಎರಡನೆಯದಕ್ಕೆ 2020ರ ಬೆಕ್‌ಸಾಂಗ್ ಪೋಷಕ ನಟಿ ಪ್ರಶಸ್ತಿ. ಅದೇ ಸಮಾರಂಭದಲ್ಲಿ ಪೋಷಕ ನಟ ಪ್ರಶಸ್ತಿ ಪಡೆದವರು ಹಾಂಗ್ ಜಾಯಂಗ್‌ಳ ಪೆದ್ದ ಗಂಡ, ಓ ಜಂಗ್‌ಸೆ.

ರಾ ಮಿರಾನ್ ಪುಟಕ್ಕೆ 2023ರ 'ದ ಗುಡ್ ಬ್ಯಾಡ್ ಮದರ್' ನೋಡಬೇಕು. ಹಂದಿ ಸಾಕುವ ತಾಯಿ, ಲೀ ಡೊಹ್ಯೂನ್ ಮಗ. ಮೊದಲ ಎರಡು ಕಂತು ಮುಗಿದಿದೆ. ಮಗನನ್ನು ಹೊಟ್ಟೆ ತುಂಬ ಉಣ್ಣಲೂ ಬಿಡದೆ ಓದಿಸುವ ತಾಯಿಯನ್ನು ಇವರು ನಮ್ಮ ಮುಂದೆ ಮೆಚ್ಚಿಸಿಕೊಳ್ಳಲು ಯತ್ನಿಸದೆ ನಿಲ್ಲಿಸಿದ್ದಾರೆ. ಅದರ ನಂತರ ಲೀ ಜಂಗ್‌ಉನ್: 'ಕ್ಯಾಮೀಲಿಯಾ'ದ ತಾಯಿ, 'ಅವರ್ ಬ್ಲೂಸ್'ನ ಮೀನು ಮಾರುವವಳು, 'ಮಿಸ್ಟರ್ ಸನ್‌ಶೈನ್'ನ ಸೇವಕಿ. ಅವರಿಗೆ ಮೊದಲೇ ನಾಲ್ಕು ಪುಟ ಖಾಲಿ ಬಿಟ್ಟಿದ್ದೇನೆ.