ಭಾನುವಾರ ಕೆಮ್ಮು ಹೇಗಿರುತ್ತದೆ?

ಕೊಡಗಿನ ಸುಂಟಿಕೊಪ್ಪದ ಕಾಫಿ ಕಣದಲ್ಲಿ ಆಡಿ ಬೆಳೆದ ನನಗೆ, ಕಾಫಿಯ ಧೂಳಿನಿಂದ ರೋಗ ಬರಬಹುದೆಂದು ಮೊದಲು ಹೇಳಿದವರು ಇಂಗ್ಲೆಂಡಿನ ಒಬ್ಬ ನರ್ಸ್. ಇಲ್ಲಿ, ಇಂಗ್ಲೆಂಡಿನಲ್ಲಿ, ಕಾಫಿ ಹುರಿಯುವ ಕಾರ್ಖಾನೆಗೆ ಸೇರಿದ ಮೊದಲ ವಾರವೇ ಅವರು ನನ್ನಿಂದ ಕೊಳವೆಯೊಂದಕ್ಕೆ ಬಲವಾಗಿ ಊದಿಸಿ, ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು, ಒಟ್ಟು ಎಷ್ಟು ಎಂದು ಬರೆದಿಟ್ಟರು. ಆರು ವಾರ ಕಳೆದು ಮತ್ತೆ ಊದಿಸಿದರು. ಈಗ ವರ್ಷಕ್ಕೊಮ್ಮೆ ತಪ್ಪದೆ ಕರೆ ಬರುತ್ತದೆ.

ಸ್ಪೈರೋಮೆಟ್ರಿ ಎಂಬ ಈ ಊದುವ ಪರೀಕ್ಷೆಗಿಂತಲೂ ನನ್ನನ್ನು ಕಾಡಿದ್ದು ಅದರ ಜೊತೆ ಕೇಳುವ ಒಂದು ಪ್ರಶ್ನೆ: ರಜೆಯಲ್ಲಿದ್ದಾಗ ಕೆಮ್ಮು, ಏದುಸಿರು ಕಡಿಮೆಯಾಗುತ್ತದೆಯೇ? ಹೌದಾದರೆ ಕಾರಣ ಕೆಲಸದ ಜಾಗದಲ್ಲೇ ಇರುವ ಸಂಭವ ಹೆಚ್ಚು. ಹಸಿರು, ಅಂದರೆ ಇನ್ನೂ ಹುರಿಯದ, ಕಾಫಿ ಬೀಜದ ಧೂಳು ಕೆಲವರಿಗೆ ಅಲರ್ಜಿಯಾಗಿ ಉಬ್ಬಸ ತರುತ್ತದೆ. ಹಿಂದೆ ಹರಳು (ಹರಳೆಣ್ಣೆ ತೆಗೆಯುವ ಬೀಜ) ತುಂಬಿದ್ದ ಗೋಣಿಚೀಲಕ್ಕೇ ಕಾಫಿ ತುಂಬಿದ್ದರೆ ಆ ಹರಳಿನ ಧೂಳು ಇನ್ನೂ ಅಪಾಯಕಾರಿ. ಹುರಿದ ಬೀಜವನ್ನು ಪುಡಿ ಮಾಡುವಾಗ ಏಳುವ, ನಮಗೆಲ್ಲ ಪ್ರಿಯವಾದ ಘಮದಲ್ಲೂ ಡೈಅಸಿಟೈಲ್ ಎಂಬ ಆವಿ ಇರುತ್ತದೆ. ಅದು ಹೆಚ್ಚಾದರೆ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಮತ್ತೆ ಸರಿಹೋಗದ ಕಲೆಗಟ್ಟುವಿಕೆ ಉಂಟಾಗಬಹುದು. ಅಮೆರಿಕದ ಟೆಕ್ಸಾಸ್‌ನ ಕಾಫಿ ಘಟಕವೊಂದರ ಇಬ್ಬರು ಕಾರ್ಮಿಕರಿಗೆ ಹೀಗಾದದ್ದು 2013ರಲ್ಲಿ ವರದಿಯಾಯಿತು.

ಬ್ರಿಟನ್ನಿನಲ್ಲಿ ಹಾನಿಕರ ವಸ್ತುಗಳ ಬಗ್ಗೆ 2002ರಲ್ಲಿ ಬಂದ ನಿಯಮಗಳ ಪ್ರಕಾರ, ಇಂಥ ತಪಾಸಣೆಯ ದಾಖಲೆಯನ್ನು ಮಾಲೀಕರು ಕನಿಷ್ಠ 40 ವರ್ಷ ಕಾಪಾಡಬೇಕು. ನನ್ನ ಕಾಯಿಲೆಯ ವಿವರ ಮಾತ್ರ ಅವರ ಕೈಗೆ ಹೋಗುವುದಿಲ್ಲ, ಈ ಕೆಲಸಕ್ಕೆ ನಾನು ತಕ್ಕವನೇ ಎಂಬುದಷ್ಟೇ ತಿಳಿಯುತ್ತದೆ. ಹಾಗಿಲ್ಲದಿದ್ದರೆ ಕೆಲಸ ಹೋಗುವ ಭಯಕ್ಕೆ ಯಾರೂ ನಿಜ ಹೇಳುತ್ತಿರಲಿಲ್ಲ. ಊದಿಸಿದ ಮಾತ್ರಕ್ಕೆ ಧೂಳು ಕಡಿಮೆಯಾಗದು, ನಿಜ. ಆದರೆ ಗೋಣಿ ಬಿಚ್ಚಿ ಸುರಿಯುವಲ್ಲಿ ದುಡಿಯುವ ಗೆಳೆಯನೊಬ್ಬನ ಅಂಕಿ ಇಳಿದಾಗ, ಅವನನ್ನು ಬೇರೆ ಕಡೆ ಹಾಕಿದ್ದಲ್ಲದೆ, ಧೂಳು ಹೀರುವ ಯಂತ್ರದ ಕಟ್ಟಿಕೊಂಡ ಕೊಳವೆಯನ್ನೂ ಬಿಚ್ಚಿ ಸರಿಪಡಿಸಿದರು.

ಕಳೆದ ಜನವರಿಯಲ್ಲಿ ಊರಿಗೆ ಬಂದಾಗ, ಕಾಫಿಯ ಸಿಪ್ಪೆ ಸುಲಿದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ವರ್ಷಗಟ್ಟಲೆ ಬೀಜ ಆರಿಸಿದ, ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುವ ದೊಡ್ಡಮ್ಮನಿಗೆ ಅದೇ ಪ್ರಶ್ನೆ ಹಾಕಿದೆ.

“ದೊಡ್ಡಮ್ಮ, ಆಗ ಭಾನುವಾರ ಕೆಮ್ಮು ಹೇಗಿರ್ತಿತ್ತು?”

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಭಾನುವಾರ ರಾತ್ರಿ ಒಳ್ಳೆ ನಿದ್ದೆ ಬರ್ತಿತ್ತು ಮಗ. ರಜೆ ಅಲ್ವಾ, ಅದಕ್ಕೇ ಅಂದ್ಕೊಂಡಿದ್ದೆ.”