ಒಂದು ಖಾಲಿ ಜಾಗ

ಹೋದ ತಿಂಗಳು ಒಂದು ಶನಿವಾರ ಬೆಳಗ್ಗೆ ಕೂತವಳು ಸಂಜೆ ಹೊತ್ತಿಗೆ ಬರೆದು ಮುಗಿಸಿದ್ದು ಅರ್ಧ ಪುಟ. ಅದನ್ನು ಓದಬೇಕಾಗಿದ್ದದ್ದು ಒಂದು ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡುವ ಎಐ ಪ್ರೋಗ್ರಾಂ.

ಕೋಡ್ ಬರೆಯುವ ಏಜೆಂಟ್‌ಗೆ ಅಂತ ನಮ್ಮ ಟೀಮಿನವರು ಒಂದು ಚಿಕ್ಕ ಟೂಲ್ ಮಾಡಿದ್ದರು. ರೆಪೊಸಿಟರಿಯಲ್ಲಿ, ಅಂದರೆ ಫೈಲುಗಳನ್ನು ಬದಲಾವಣೆಗಳ ಇತಿಹಾಸದ ಸಮೇತ ಇಡುವ ಜಾಗದಲ್ಲಿ, ಏನೇನು ಬದಲಾಗಿದೆ ಅಂತ ನೋಡಿ ಹೇಳುವುದಷ್ಟೇ ಅದರ ಕೆಲಸ. ಒಳಗೆ ಓಡುವುದು ನಾವೆಲ್ಲ ದಿನಕ್ಕೆ ಇಪ್ಪತ್ತು ಸಲ ಹೊಡೆಯುವ ‘ಗಿಟ್ ಸ್ಟೇಟಸ್’ ಕಮಾಂಡೇ. ಆ ಇತಿಹಾಸದ ಲೆಕ್ಕ ಇಡುವ ಸಾಫ್ಟ್‌ವೇರ್ ಗಿಟ್. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಹೊರತಂದ, ಎಐಗೆ ಟೂಲ್‌ಗಳನ್ನು ಜೋಡಿಸುವ ಎಂಸಿಪಿ ಪದ್ಧತಿಯಲ್ಲಿ ಇಂಥ ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಏನು ಕೊಡಬೇಕು ಅನ್ನುವ ಪಟ್ಟಿ ಇರುತ್ತದೆ. ಯಾವಾಗ ಕರೆಯಬೇಕು, ಬಂದ ಉತ್ತರವನ್ನು ಹೇಗೆ ಓದಬೇಕು ಅನ್ನುವುದಕ್ಕೆ ಏಜೆಂಟ್ ನೆಚ್ಚಿಕೊಳ್ಳುವುದು ಆ ವಿವರಣೆಯನ್ನು. ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಒಂದೇ ಸಾಲು ಬರೆದೆ: ‘ರೆಪೊಸಿಟರಿಯ ಈಗಿನ ಸ್ಥಿತಿ ತೋರಿಸುತ್ತದೆ.’ ಸಾಕು ಅನ್ನಿಸಿತು. ಸುಮ್ನೆ ಒಂದು ಸಲ ಓಡಿಸಿ ನೋಡೋಣ ಅಂತ ನನ್ನ ಸ್ವಂತ ರೆಪೊಸಿಟರಿ ತೆರೆದೆ. ನಮ್ಮೂರ ಕಡೆಯ ಬೇಸಾಯದ ಪದಗಳನ್ನು ನಾನು ಅದರಲ್ಲಿ ಕೂಡಿಡುತ್ತಿದ್ದೇನೆ. ಕುಂಟೆ, ಕೂರಿಗೆ, ನೊಗ, ಮೇಳಿ. ಒಂದೊಂದು ಪದಕ್ಕೆ ಒಂದೊಂದು ಫೈಲ್, ಹೆಸರೂ ಕನ್ನಡದಲ್ಲೇ. ನೊಗ ಮತ್ತು ಮೇಳಿ ಫೈಲುಗಳಲ್ಲಿ ಒಂದೆರಡು ಸಾಲು ತಿದ್ದಿ, ಏನು ಬದಲಾಗಿದೆಯೋ ನೋಡಿ ಕಮಿಟ್ ಮಾಡು, ಅಂದರೆ ಇತಿಹಾಸಕ್ಕೆ ಸೇರಿಸು, ಅಂತ ಏಜೆಂಟ್‌ಗೆ ಹೇಳಿದೆ.

ಏಜೆಂಟ್ ಕೈಗೆ ‘ನೊಗ’ ಅನ್ನುವ ಹೆಸರು ಹೀಗೆ ಬಂದಿತ್ತು:

"\340\262\250\340\263\212\340\262\227"

ಇಂಗ್ಲಿಷಿನಾಚೆಯ ಅಕ್ಷರ ಸಿಕ್ಕರೆ ಗಿಟ್ ತಾನಾಗಿಯೇ ಮಾಡುವುದು ಹೀಗೆ. ಯೂನಿಕೋಡ್‌ನಲ್ಲಿ ನ, ಒತ್ವ, ಗ ಸೇರಿ ಮೂರು ಸಂಕೇತ. ಒಂದೊಂದಕ್ಕೆ ಮೂರು ಬೈಟ್, ಒಂದೊಂದು ಬೈಟ್‌ಗೂ ಒಂದು ಓರೆಗೆರೆ, ಮೂರು ಅಂಕಿ. ಎರಡಕ್ಷರದ ಪದ ಮೂವತ್ತಾರು ಚಿಹ್ನೆ ಉದ್ದ ಆಗಿತ್ತು. ಏಜೆಂಟ್ ಆ ಅಂಕಿಗಳನ್ನೇ ಹೆಸರು ಅಂದುಕೊಂಡು ತೆರೆಯಲು ಹೋಗಿ, ಅಂಥ ಫೈಲ್ ಇಲ್ಲ ಅಂದಿತು. ನಮ್ಮ ಭಾಷೆಯಲ್ಲಿ ಫೈಲಿಗೆ ಹೆಸರಿಡುವವರು ಯಾರಾದರೂ ಒಂದು ದಿನ ಇದನ್ನು ಎಡವಲೇಬೇಕಿತ್ತು. ಹೆಸರುಗಳನ್ನು ಇದ್ದ ಹಾಗೇ ಕೊಡು ಅನ್ನುವ ಆಯ್ಕೆ ಗಿಟ್‌ನಲ್ಲೇ ಇದೆ. ಅದನ್ನು ಟೂಲ್ ಒಳಗೆ ಹಾಕಿದೆ, ಸರಿಹೋಯಿತು.

ಮತ್ತೆ ಓಡಿಸಿದೆ. ಕಮಿಟ್ ಆಯಿತು ಅಂದಿತು. ನೋಡಿದರೆ ಮೇಳಿ ಕಮಿಟ್ ಆಗಿತ್ತು, ನೊಗ ಹಾಗೇ ಉಳಿದಿತ್ತು. ಮೂರನೆಯ ಸಲ ಕುಂಟೆ, ಕೂರಿಗೆ ತಿದ್ದಿದೆ. ಆಗ ಕುಂಟೆ ಉಳಿಯಿತು. ಪ್ರತಿ ಸಲವೂ ಉಳಿಯುತ್ತಿದ್ದದ್ದು ಪಟ್ಟಿಯ ಮೊದಲನೆಯ ಫೈಲ್.

ಗಿಟ್ ಸ್ಟೇಟಸ್‌ನ ಚುಟುಕು ಉತ್ತರದಲ್ಲಿ ಪ್ರತಿ ಸಾಲಿನ ಶುರುವಿಗೆ ಎರಡು ಕಂಬಸಾಲು ಇರುತ್ತವೆ. ಮೊದಲನೆಯದು ಸ್ಟೇಜ್ ಆದದ್ದರ, ಅಂದರೆ ಮುಂದಿನ ಕಮಿಟ್‌ಗೆ ಆರಿಸಿಟ್ಟದ್ದರ ಲೆಕ್ಕ, ಎರಡನೆಯದು ಇನ್ನೂ ಆಗದ್ದರ ಲೆಕ್ಕ. ತಿದ್ದಿದ್ದೇವೆ, ಆದರೆ ಸ್ಟೇಜ್ ಮಾಡಿಲ್ಲ ಅಂದರೆ ಮೊದಲ ಕಂಬಸಾಲು ಖಾಲಿ, ಎರಡನೆಯದರಲ್ಲಿ ಬದಲಾಗಿದೆ ಅನ್ನುವ ಗುರುತಾಗಿ ಒಂದು ‘ಎಮ್’. ಸ್ಟೇಜ್ ಆಗಿದ್ದರೆ ಅದೇ ‘ಎಮ್’ ಮೊದಲ ಕಂಬಸಾಲಿಗೆ ಬರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಖಾಲಿ ಜಾಗ. ನಮ್ಮ ಟೂಲ್ ಉತ್ತರ ಚೆನ್ನಾಗಿ ಕಾಣಲಿ ಅಂತ ಅದರ ಹಿಂದೆ ಮುಂದೆ ಇದ್ದ ಖಾಲಿ ಜಾಗವನ್ನೆಲ್ಲ ಕತ್ತರಿಸಿ ಹಾಕುತ್ತಿತ್ತು. ಹಾಗಾಗಿ ಮೊದಲ ಸಾಲಿನ ಫೈಲ್ ಮಾತ್ರ ಸ್ಟೇಜ್ ಆದಂತೆ ಕಾಣುತ್ತಿತ್ತು. ಆಗಲೇ ಆಗಿದೆಯಲ್ಲ ಅಂತ ಏಜೆಂಟ್ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಅದರ ತಪ್ಪೇನಿದೆ?

ಇದನ್ನು ವಿವರಣೆಯಲ್ಲಿ ಬರೆಯಲು ಹೊರಟೆ. ‘ಸಾಲಿನ ಶುರುವಿನ ಖಾಲಿ ಜಾಗಕ್ಕೂ ಅರ್ಥವಿದೆ’ ಅಂತ ಶುರುಮಾಡಿ ನಾಲ್ಕು ಸಾಲಾಯಿತು. ಓದಿ ನೋಡಿದೆ. ಇಷ್ಟು ಹೇಳಬೇಕಾದರೆ ಬದಲಾಗಬೇಕಾದದ್ದು ಉತ್ತರವೇ ಅನ್ನಿಸಿತು. ಟೂಲ್ ಮಾಡಿದ ಹುಡುಗನಿಗೆ ಫೋನ್ ಮಾಡಿದೆ. “ಖಾಲಿ ಜಾಗ ಕತ್ತರಿಸೋದನ್ನ ತೆಗೀತೀನಿ ಬಿಡಿ, ಎರಡು ನಿಮಿಷದ ಕೆಲಸ” ಅಂದ. “ಅದರ ಜೊತೆಗೆ ಆ ಅಕ್ಷರಗಳ ಬದಲು ಮಾತಲ್ಲೇ ಹೇಳಿಸಪ್ಪ. ಸ್ಟೇಜ್ ಆಗಿದೆ, ಆಗಿಲ್ಲ ಅಂತ” ಅಂದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮಾಡಿ ಕಳಿಸಿದ. ನನ್ನ ನಾಲ್ಕು ಸಾಲು ಅಳಿಸಿದೆ.

ಇನ್ನೂ ಎರಡು ವಿಷಯ ಉಳಿದಿದ್ದವು. ಏನೂ ಬದಲಾಗಿಲ್ಲದಿದ್ದರೆ ಗಿಟ್ ಈ ರೂಪದಲ್ಲಿ ಏನನ್ನೂ ಹೇಳುವುದಿಲ್ಲ. ಉತ್ತರ ಪೂರ್ತಿ ಖಾಲಿ. ಏಜೆಂಟ್ ಅದನ್ನು ಕಂಡು ಟೂಲ್ ಕೆಟ್ಟಿದೆ ಅಂದುಕೊಂಡು ನಾಲ್ಕು ಸಲ ಕರೆಯಿತು. ಆಗ ‘ಯಾವ ಬದಲಾವಣೆಯೂ ಇಲ್ಲ’ ಅನ್ನುವ ವಾಕ್ಯವನ್ನು ಉತ್ತರಕ್ಕೇ ಸೇರಿಸಿದೆವು.

ಎರಡನೆಯದು ಮನುಷ್ಯರೂ ಮೋಸಹೋಗುವ ಜಾಗ. ಬ್ರಾಂಚ್ (ನಾವು ಕೆಲಸ ಮಾಡುತ್ತಿರುವ ಕವಲು) ರಿಮೋಟ್‌ಗೆ (ಸರ್ವರ್‌ನಲ್ಲಿರುವ ಪ್ರತಿಗೆ) ಸಮವಾಗಿದೆ ಅಂತ ಸ್ಟೇಟಸ್ ಹೇಳಿದರೆ, ಅದು ಕೊನೆಯ ಸಲ ಫೆಚ್ ಮಾಡಿದಾಗಿನ, ಅಂದರೆ ಸರ್ವರ್‌ನಿಂದ ಹೊಸದನ್ನು ತಂದಾಗಿನ ಲೆಕ್ಕ. ಸ್ಟೇಟಸ್ ತಾನಾಗಿ ಸರ್ವರ್‌ನ ಕೇಳುವುದಿಲ್ಲ. ಆಮೇಲೆ ಬೇರೆ ಯಾರೋ ಹತ್ತು ಕಮಿಟ್ ಸರ್ವರ್‌ಗೆ ಪುಶ್ ಮಾಡಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಇದು ನನಗೆ ಎಷ್ಟು ರೂಢಿಯಾಗಿದೆ ಅಂದರೆ, ಬರೆಯಬೇಕಾದ ಮಾತು ಅಂತಲೇ ಹೊಳೆದಿರಲಿಲ್ಲ. ಇಂಥವನ್ನು ಹುಡುಕಿ ಹುಡುಕಿ ಬರೆಯುವುದರಲ್ಲೇ ಮಧ್ಯಾಹ್ನ ಕಳೆಯಿತು. ಕೊನೆಗೆ ಒಂದು ಸಾಲು ಸೇರಿಸಿದೆ: ‘ನೀನು ಮಾಡದ ಬದಲಾವಣೆ ಕಂಡರೆ ಅದು ಬೇರೆಯವರ ಅರ್ಧ ಕೆಲಸ ಇರಬಹುದು. ಅಳಿಸಬೇಡ, ಸೇರಿಸಬೇಡ, ಮೊದಲು ಕೇಳು.’ ಕಮಿಟ್ ಆಗದ ಕೆಲಸ ಒಮ್ಮೆ ಹೋದರೆ ಗಿಟ್‌ನಿಂದ ವಾಪಸ್ ತರುವುದು ಸಾಮಾನ್ಯವಾಗಿ ಆಗದ ಮಾತು. ಅರ್ಧ ಪುಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಈ ಸಾಲು.

ಭಾನುವಾರ ಊರಿಂದ ಅಪ್ಪ ಫೋನ್ ಮಾಡಿದ್ದರು. “ಮೇಳಿ ಅಂದ್ರೆ ನೇಗಿಲ ಹಿಡಿ ಕಣಮ್ಮ, ನೀನು ಇಡೀ ನೇಗಿಲು ಅನ್ನೋ ಥರ ಬರ್ದಿದೀಯ” ಅಂದರು. ಫೋನ್ ಕಿವಿಗಿಟ್ಟುಕೊಂಡೇ ಆ ಫೈಲ್ ತೆರೆದು ತಿದ್ದತೊಡಗಿದೆ. ಅಷ್ಟರಲ್ಲಿ ಯಾರೋ ಬಂದರು ಅಂತ ಅಪ್ಪ ಫೋನಿಟ್ಟರು. ವಾಕ್ಯ ಅರ್ಧಕ್ಕೇ ನಿಂತಿತು, ನಾನೂ ಮರೆತೆ. ಸೋಮವಾರ ರಾತ್ರಿ ಕೂರಿಗೆ ಫೈಲಿನ ಕಾಗುಣಿತ ನೋಡು ಅಂತ ಏಜೆಂಟ್‌ಗೆ ಹೇಳಿದೆ. ಕೆಲಸ ಮುಗಿಸಿ ಅದು ಬರೆಯಿತು: ‘ಮೇಳಿ ಫೈಲಿನಲ್ಲಿ ನಾನು ಮಾಡದ ಬದಲಾವಣೆ ಇದೆ. ಸ್ಟೇಜ್ ಆಗಿಲ್ಲ. ನಾನು ಮುಟ್ಟಿಲ್ಲ. ಈ ಕಮಿಟ್‌ಗೆ ಸೇರಿಸಬೇಕೇ?’

ಬೇಡ ಅಂದೆ. ಆ ವಾಕ್ಯ ಮುಗಿಸುವ ಮೊದಲು ಅಪ್ಪನನ್ನು ಇನ್ನೊಂದು ಸಲ ಕೇಳಬೇಕಿತ್ತು.